ಹಂದಿಯ ಪಕ್ಕೆಲುಬಿಗೆ ಬಾರ್ಬೆಕ್ಯೂ ಸಾಸ್: ಹುಳಿ ಮೊದಲು, ಸಿಹಿ ಆಮೇಲೆ

ಪ್ರಶ್ನೆ: ಹಂದಿಯ ಪಕ್ಕೆಲುಬನ್ನು ಬಾರ್ಬೆಕ್ಯೂ ಮಾದರಿಯಲ್ಲಿ ಮನೆಯ ಓವನ್‌ನಲ್ಲೇ ಬೇಯಿಸಲು ಎರಡು ಬಾರಿ ಪ್ರಯತ್ನಿಸಿದೆ. ಅಂಗಡಿಯಿಂದ ತಂದ ದಪ್ಪನೆಯ ಬಾರ್ಬೆಕ್ಯೂ ಸಾಸನ್ನು ಹಸಿ ಮಾಂಸದ ಮೇಲೆ ಧಾರಾಳವಾಗಿ ಸವರಿ, 180 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು ಗಂಟೆ ಇಟ್ಟಿದ್ದೆ. ಎರಡೂ ಸಲ ಮೇಲ್ಭಾಗ ಕರ್ರಗೆ ಸೀದು ಕಹಿಯಾಯಿತು. ಕರಿಕಲನ್ನು ಕೆರೆದು ತೆಗೆದು ತಿಂದರೆ ಬಾಯಿಗೆ ಸಿಹಿಯೊಂದೇ ಸಿಗುತ್ತದೆ. ಬೇರೆ ಸಾಸ್ ಕೊಳ್ಳಬೇಕೆ, ಅಥವಾ ಮನೆಯಲ್ಲೇ ಮಾಡಿಕೊಳ್ಳುವುದು ಒಳ್ಳೆಯದೆ? ಅಷ್ಟೊಂದು ಬಗೆಗಳಲ್ಲಿ ಪಕ್ಕೆಲುಬಿಗೆ ಹೊಂದುವುದು ಯಾವುದು? ಮನೆಯಲ್ಲಿ ಮಾಡಿದ್ದನ್ನು ಎಷ್ಟು ದಿನ ಇಡಬಹುದು?

ಉತ್ತರ: ನೀವು ಹೇಳಿರುವ ಎರಡು ತೊಂದರೆಗಳಿಗೆ ಕಾರಣಗಳೂ ಎರಡು. ಸೀದು ಕಹಿಯಾದದ್ದು ಸಾಸನ್ನು ಹಚ್ಚಿದ ಹೊತ್ತಿನ ತಪ್ಪು. ಬರೀ ಸಿಹಿ ಸಿಕ್ಕಿದ್ದು ಸಾಸಿನ ಆಯ್ಕೆಯ ತಪ್ಪು. ಮೊದಲನೆಯದನ್ನು ತಿದ್ದಿಕೊಳ್ಳದೆ ಎಷ್ಟೇ ಒಳ್ಳೆಯ ಸಾಸ್ ತಂದರೂ ಅದು ಹೀಗೆಯೇ ಸೀಯುತ್ತದೆ. ಎರಡನೆಯದನ್ನು ತಿದ್ದಿಕೊಳ್ಳದೆ ಎಷ್ಟೇ ಜಾಗ್ರತೆಯಿಂದ ಬೇಯಿಸಿದರೂ ನಾಲ್ಕನೆಯ ತುಂಡಿನ ಹೊತ್ತಿಗೆ ನಾಲಿಗೆ ಜಿಡ್ಡುಗಟ್ಟಿ ಸಾಕೆನಿಸುತ್ತದೆ. ಆದ್ದರಿಂದ ಎರಡನ್ನೂ ಬೇರೆಬೇರೆಯಾಗಿ ನೋಡೋಣ.

ಸಾಸ್ ಏಕೆ ಸೀಯುತ್ತದೆ ಎಂಬುದನ್ನು ಒಮ್ಮೆ ಅರ್ಥ ಮಾಡಿಕೊಂಡರೆ ಮುಂದಿನದೆಲ್ಲ ತಾನಾಗಿ ಹಾದಿಗೆ ಬರುತ್ತದೆ. ಸಾಸಿನಲ್ಲಿ ನೀರಿನ ಅಂಶ ಇರುವಷ್ಟು ಹೊತ್ತು ಅದರ ಉಷ್ಣತೆ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ, ಏಕೆಂದರೆ ಓವನ್ ಕೊಡುವ ಶಾಖವೆಲ್ಲ ನೀರನ್ನು ಆವಿಯಾಗಿಸುವುದಕ್ಕೇ ಖರ್ಚಾಗುತ್ತಿರುತ್ತದೆ. ನೀರು ಆರಿದ ಮೇಲೆ ಉಳಿಯುವುದು ಸಕ್ಕರೆ, ಟೊಮೆಟೊದ ತಿರುಳು ಮತ್ತು ಮಸಾಲೆಯ ಪುಡಿ. ಆಗ ಆ ಪದರದ ಉಷ್ಣತೆ ಓವನ್‌ನ ಉಷ್ಣತೆಯ ಕಡೆಗೆ ಸರಸರನೆ ಏರುತ್ತದೆ. ಸಾಮಾನ್ಯ ಸಕ್ಕರೆ, ಅಂದರೆ ಸುಕ್ರೋಸ್, ಸುಮಾರು 160 ಡಿಗ್ರಿಯಲ್ಲಿ ಕಂದಾಗತೊಡಗುತ್ತದೆ. ಜೇನುತುಪ್ಪದಲ್ಲಿಯೂ ಕಾರ್ನ್ ಸಿರಪ್‌ನ ಕೆಲವು ಬಗೆಗಳಲ್ಲಿಯೂ ಹೇರಳವಾಗಿರುವ ಫ್ರಕ್ಟೋಸ್ ಸುಮಾರು 110 ಡಿಗ್ರಿಯಲ್ಲೇ ಆ ಹಾದಿ ಹಿಡಿಯುತ್ತದೆ. ಇದಲ್ಲದೆ ವಿನೆಗರ್‌ನ ಹುಳಿಯಲ್ಲಿ ಕಾಯುವ ಸುಕ್ರೋಸ್ ಸ್ವಲ್ಪಸ್ವಲ್ಪವಾಗಿ ಒಡೆದು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗುತ್ತದೆ. ಹಾಗಾಗಿ ಬಾರ್ಬೆಕ್ಯೂ ಸಾಸಿನಲ್ಲಿರುವ ಸಕ್ಕರೆ ಬರಿಯ ಬಾಣಲೆಯಲ್ಲಿ ಕಾಯಿಸಿದ ಸಕ್ಕರೆಗಿಂತ ಬೇಗ ಕಪ್ಪಾಗುತ್ತದೆ. ನೀವು 180 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟಾಗ ಮೊದಲ ಅರ್ಧ ಗಂಟೆಯಲ್ಲಿ ಸಾಸ್ ಒಣಗಿತು. ಉಳಿದ ಒಂದೂವರೆ ಗಂಟೆ ಅದು ಸೀಯುತ್ತಲೇ ಇತ್ತು. ಕೆಂಪು ಮೆಣಸಿನ ಪುಡಿಗಳು ಸೀದರೆ ಬರುವ ಕಹಿಯೂ ಅದಕ್ಕೆ ಸೇರಿಕೊಂಡಿತು.

ಸಾಸ್ ಮಾಂಸವನ್ನು ಬೇಯಿಸುವುದಿಲ್ಲ, ಮೃದುಗೊಳಿಸುವುದೂ ಇಲ್ಲ. ಪಕ್ಕೆಲುಬುಗಳ ನಡುವಿನ ಮಾಂಸದಲ್ಲಿ ಕೊಲ್ಲಾಜನ್ ಎಂಬ ಗಟ್ಟಿ ನಾರಿನಂಥ ಪ್ರೋಟೀನ್ ತುಂಬಿರುತ್ತದೆ. ಅದು 70 ಡಿಗ್ರಿ ದಾಟಿದ ಮೇಲೆ ನಿಧಾನವಾಗಿ ಕರಗಿ ಜೆಲಟಿನ್ ಆಗುತ್ತದೆ. ಮಾಂಸದ ಒಳಗಿನ ಉಷ್ಣತೆ 90ರಿಂದ 95 ಡಿಗ್ರಿಗೆ ಬಂದು ಅಲ್ಲಿ ಸ್ವಲ್ಪ ಹೊತ್ತು ನಿಂತಾಗ ಪಕ್ಕೆಲುಬಿಗೆ ಸರಿಯಾದ ಹದ ಸಿಗುತ್ತದೆ. ಅಮೆರಿಕದ ಕೃಷಿ ಇಲಾಖೆ ಇಡಿಯಾದ ಹಂದಿಮಾಂಸಕ್ಕೆ ಗೊತ್ತುಪಡಿಸಿರುವ ಸುರಕ್ಷತೆಯ ಮಿತಿ 63 ಡಿಗ್ರಿ ಮತ್ತು ಮೂರು ನಿಮಿಷಗಳ ವಿಶ್ರಾಂತಿ. ಆ ಮಿತಿಯಲ್ಲಿ ತೆಗೆದ ಪಕ್ಕೆಲುಬನ್ನು ತಿನ್ನುವುದರಲ್ಲಿ ಅಪಾಯವಿಲ್ಲ, ಆದರೆ ಅದು ರಬ್ಬರಿನಂತೆ ಜಗಿಯುತ್ತದೆ. ಈ ಹದಕ್ಕೆ ಬೇಕಾದದ್ದು ಹಗುರವಾದ ಶಾಖ ಮತ್ತು ದೀರ್ಘ ಸಮಯ. ಆ ಸಮಯದಲ್ಲಿ ಸಾಸಿಗೆ ಯಾವ ಕೆಲಸವೂ ಇಲ್ಲ. ಅದರ ಕೆಲಸವಿರುವುದು ಕೊನೆಯ ಅರ್ಧ ಗಂಟೆಯಲ್ಲಿ ಮತ್ತು ತಟ್ಟೆಯಲ್ಲಿ.

ಇನ್ನು ಆಯ್ಕೆಯ ಮಾತು. ಪಕ್ಕೆಲುಬಿನಲ್ಲಿ ಏನಿದೆ ಎಂದು ನೋಡಿದರೆ ಸಾಸಿನಲ್ಲಿ ಏನಿರಬೇಕೆಂಬುದು ತಿಳಿಯುತ್ತದೆ. ಅದರಲ್ಲಿ ಕೊಬ್ಬು ಹೆಚ್ಚು, ಜೆಲಟಿನ್ ಹೆಚ್ಚು. ಹಂದಿಮಾಂಸಕ್ಕೆ ತನ್ನದೇ ಆದ ಒಂದು ನಸುಸಿಹಿಯೂ ಇದೆ. ಇವು ಮೂರೂ ಬಾಯನ್ನು ತುಂಬುವ, ತುಟಿಗೆ ಅಂಟುವ ಗುಣಗಳು. ಇದರ ಮೇಲೆ ಮತ್ತಷ್ಟು ಸಿಹಿಯನ್ನೂ ಮತ್ತಷ್ಟು ಅಂಟನ್ನೂ ಹೇರಿದರೆ ರುಚಿಗೆ ಎಲ್ಲಿಯೂ ತೆರಪಿರುವುದಿಲ್ಲ. ಪಕ್ಕೆಲುಬಿಗೆ ಬೇಕಾದದ್ದು ಕೊಬ್ಬನ್ನು ಕತ್ತರಿಸುವ ಹುಳಿ. ಸಿಹಿ ಇರಬೇಕಾದದ್ದು ಆ ಹುಳಿಯ ಅಂಚನ್ನು ಮೆದುಗೊಳಿಸುವುದಕ್ಕೆ ಮತ್ತು ಬೆಂಕಿಯ ಮುಂದೆ ಹೊಳಪು ಕಟ್ಟುವುದಕ್ಕೆ, ಅದಕ್ಕೆ ಎಷ್ಟು ಸಾಕೋ ಅಷ್ಟು. ಹಲವು ವರ್ಷ ಹಲವು ಬಗೆಯ ಸಾಸ್‌ಗಳನ್ನು ಮಾಡಿ, ತಿಂದು, ಬಡಿಸಿದ ಮೇಲೆ ನಾನು ಗಟ್ಟಿಯಾಗಿ ಹಿಡಿದುಕೊಂಡಿರುವ ನಿಲುವು ಇದೊಂದೇ: ಪಕ್ಕೆಲುಬಿನ ಸಾಸನ್ನು ಹುಳಿಯಿಂದ ಶುರುಮಾಡಬೇಕು, ಸಿಹಿಯನ್ನು ಆಮೇಲೆ ಅಳೆಯಬೇಕು. ಅಂಗಡಿಯ ಹೆಚ್ಚಿನ ಬಾಟಲಿಗಳಲ್ಲಿ ಈ ಕ್ರಮ ತಲೆಕೆಳಗಾಗಿರುತ್ತದೆ.

ಹಾಗಾದದ್ದು ಏಕೆಂಬುದಕ್ಕೆ ಒಂದು ಇತಿಹಾಸವಿದೆ, ಅದು ಆಯ್ಕೆಗೂ ನೆರವಾಗುತ್ತದೆ. ಇಂದು ಪ್ರಪಂಚದ ಎಲ್ಲೆಡೆ ಬಾರ್ಬೆಕ್ಯೂ ಸಾಸ್ ಎಂದರೆ ಕಣ್ಣಿಗೆ ಬರುವುದು ಕೆಂಗಂದು ಬಣ್ಣದ, ಟೊಮೆಟೊ ಮತ್ತು ಕಾಕಂಬಿ ಬೆರೆತ, ಚಮಚದಿಂದ ಇಳಿಯಲು ಹಿಂದೆಮುಂದೆ ನೋಡುವಷ್ಟು ದಪ್ಪನೆಯ ಸಾಸ್. ಇದು ಅಮೆರಿಕದ ಕನ್ಸಾಸ್ ಸಿಟಿಯ ಶೈಲಿ. ಆ ಊರಿನ ಬಾರ್ಬೆಕ್ಯೂ ಪರಂಪರೆಯ ಮೂಲಪುರುಷನೆಂದು ಹೆನ್ರಿ ಪೆರಿಯನ್ನು ಹೇಳುತ್ತಾರೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಲ್ಲಿ ಹೊಗೆಯಲ್ಲಿ ಬೇಯಿಸಿದ ಮಾಂಸವನ್ನು ಮಾರುತ್ತಿದ್ದ ಅವನ ಸಾಸ್ ಖಾರವಾಗಿ, ಒರಟಾಗಿ ಇತ್ತೆಂಬುದು ಪ್ರಸಿದ್ಧ. ಅಂದರೆ ಆ ಊರಿನಲ್ಲಿಯೂ ಶುರುವಾದದ್ದು ಸಿಹಿಯಿಂದಲ್ಲ. 1977ರಲ್ಲಿ ಅದೇ ಊರಿನ ಮಕ್ಕಳ ಮನೋವೈದ್ಯ ರಿಚ್ ಡೇವಿಸ್ ತನ್ನ ದಪ್ಪನೆಯ, ಸಿಹಿಯಾದ ಸಾಸನ್ನು ಬಾಟಲಿಗೆ ತುಂಬಿ ಮಾರುಕಟ್ಟೆಗೆ ತಂದ. ಕೆ.ಸಿ. ಮಾಸ್ಟರ್‌ಪೀಸ್ ಎಂಬ ಆ ಸಾಸ್ ದೇಶವ್ಯಾಪಿಯಾಗಿ, 1986ರಲ್ಲಿ ಕ್ಲೋರಾಕ್ಸ್ ಕಂಪನಿಯ ಕೈಸೇರಿತು. ಬಾಟಲಿಯ ಸಾಸ್ ಎಂದರೆ ಹೀಗಿರಬೇಕು ಎಂಬ ಕಲ್ಪನೆ ಬೇರೂರಲು ಅದರ ಯಶಸ್ಸು ದೊಡ್ಡ ಕಾರಣ. ಈ ಶೈಲಿಯನ್ನು ನಾನು ಹೀಗಳೆಯುತ್ತಿಲ್ಲ. ಹದವರಿತು ಮಾಡಿದ ಕನ್ಸಾಸ್ ಸಿಟಿ ಸಾಸ್, ಕೊನೆಯ ಹತ್ತು ನಿಮಿಷ ಬೆಂಕಿ ಕಂಡು ಅರಗಿನಂತೆ ಹೊಳೆಯುವಾಗ, ಪಕ್ಕೆಲುಬಿನ ಮೇಲೆ ಅದಕ್ಕಿಂತ ಚೆನ್ನಾಗಿ ಕೂರುವ ಬೇರೊಂದಿಲ್ಲ. ಆದರೆ ಅದು ಮುಕ್ತಾಯದ ಸಾಸ್. ಬೇಯುವ ಸಾಸ್ ಎಂದುಕೊಂಡರೆ ನಿಮಗಾದದ್ದೇ ಎಲ್ಲರಿಗೂ ಆಗುತ್ತದೆ.

ಅಮೆರಿಕದ ಇನ್ನೊಂದು ಊರಾದ ಮೆಂಫಿಸ್‌ನ ಕ್ರಮ ಇದಕ್ಕೆ ತದ್ವಿರುದ್ಧ. ಅಲ್ಲಿ ಪಕ್ಕೆಲುಬನ್ನು ಒದ್ದೆ (ಸಾಸ್ ಹಚ್ಚಿದ್ದು) ಅಥವಾ ಒಣ (ಮಸಾಲೆ ಪುಡಿ ಮಾತ್ರ ಹಾಕಿದ್ದು) ಎಂದು ಎರಡು ಬಗೆಯಲ್ಲಿ ಕೇಳುತ್ತಾರೆ. ಒಣ ಬಗೆಗೆ ಹೆಸರಾದದ್ದು 1948ರಲ್ಲಿ ಚಾರ್ಲಿ ವರ್ಗೋಸ್ ಆರಂಭಿಸಿದ ರಾಂಡೆವೂ ಎಂಬ ಉಪಾಹಾರ ಗೃಹ. ಅಲ್ಲಿ ಪಕ್ಕೆಲುಬನ್ನು ಇದ್ದಿಲಿನ ಮೇಲೆ ಸುಟ್ಟು, ನೀರು ಬೆರೆಸಿದ ವಿನೆಗರ್ ಸವರಿ, ಮೇಲೆ ಮಸಾಲೆ ಪುಡಿ ಉದುರಿಸಿ ಕೊಡುತ್ತಾರೆ. ಸಾಸನ್ನು ಪೂರ್ತಿ ಕೈಬಿಟ್ಟಾಗಲೂ ಅವರು ವಿನೆಗರ್ ಕೈಬಿಡಲಿಲ್ಲ ಎಂಬುದನ್ನು ಗಮನಿಸಿ. ಪಕ್ಕೆಲುಬಿಗೆ ಸಿಹಿ ಇಲ್ಲದಿದ್ದರೂ ನಡೆಯುತ್ತದೆ, ಹುಳಿ ಇಲ್ಲದೆ ನಡೆಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ.

ಉಳಿದ ಶೈಲಿಗಳಲ್ಲಿ ಕೆಲವು ನಿಮ್ಮ ಕೆಲಸಕ್ಕೆ ಬರುತ್ತವೆ, ಕೆಲವು ಬರುವುದಿಲ್ಲ. ಉತ್ತರ ಕೆರೊಲಿನಾದ ಪೂರ್ವ ಭಾಗದ ಸಾಸ್ ಎಂದರೆ ವಿನೆಗರ್, ಉಪ್ಪು, ಒಣಮೆಣಸಿನ ಚೂರು, ಕರಿಮೆಣಸು ಅಷ್ಟೇ. ಇಡೀ ಹಂದಿಯನ್ನು ಬೇಯಿಸಿ, ಮಾಂಸವನ್ನು ಕೊಚ್ಚಿ, ಅದರೊಳಗೆ ಇಳಿಯುವಂತೆ ಸುರಿಯಲು ಹುಟ್ಟಿದ್ದು ಅದು. ಪಕ್ಕೆಲುಬಿನ ಮೇಲೆ ಹಾಕಿದರೆ ನಿಲ್ಲದೆ ಹರಿದು ಹೋಗುತ್ತದೆ. ಆದರೂ ಬೇಯುವಾಗ ನಡುನಡುವೆ ಚಿಮುಕಿಸುವುದಕ್ಕೆ ಬಹಳ ಒಳ್ಳೆಯದು. ಅದೇ ರಾಜ್ಯದ ಲೆಕ್ಸಿಂಗ್ಟನ್ ಕಡೆ ಇದಕ್ಕೆ ಸ್ವಲ್ಪ ಕೆಚಪ್ ಸೇರಿಸುತ್ತಾರೆ. ನಾನು ಕೆಳಗೆ ಹೇಳುವ ಸಾಸ್ ಈ ಲೆಕ್ಸಿಂಗ್ಟನ್ ಮತ್ತು ಕನ್ಸಾಸ್ ಸಿಟಿಗಳ ನಡುವೆ ಎಲ್ಲೋ ನಿಲ್ಲುತ್ತದೆ. ದಕ್ಷಿಣ ಕೆರೊಲಿನಾದ ನಡುಭಾಗದಲ್ಲಿ ಸಾಸಿವೆಯ ಹಳದಿ ಸಾಸ್ ರೂಢಿಯಲ್ಲಿದೆ. ಹದಿನೆಂಟನೆಯ ಶತಮಾನದಲ್ಲಿ ಅಲ್ಲಿಗೆ ಬಂದು ನೆಲೆಸಿದ ಜರ್ಮನ್ನರೊಂದಿಗೆ ಅದರ ನಂಟನ್ನು ಹೇಳುತ್ತಾರೆ. ಹಂದಿಮಾಂಸಕ್ಕೂ ಸಾಸಿವೆಗೂ ಇರುವ ಹೊಂದಾಣಿಕೆಯನ್ನು ಬಲ್ಲವರಿಗೆ ಇದು ಆಶ್ಚರ್ಯವೆನಿಸದು. ಟೊಮೆಟೊ ಸಾಸಿನಿಂದ ಬೇಸತ್ತವರು ಪಕ್ಕೆಲುಬಿಗೆ ಇದನ್ನು ಧೈರ್ಯವಾಗಿ ಆರಿಸಿಕೊಳ್ಳಬಹುದು. ಅಲಬಾಮಾದ ಬಿಳಿ ಸಾಸ್, ಅಂದರೆ ಡೆಕೆಟರ್ ಊರಿನ ಬಾಬ್ ಗಿಬ್ಸನ್ 1925ರ ಸುಮಾರಿಗೆ ರೂಢಿಗೆ ತಂದ ಮಯೊನೇಸ್ ಮತ್ತು ವಿನೆಗರ್‌ನ ಸಾಸ್, ಕೋಳಿಗೆಂದೇ ಮಾಡಿದ್ದು. ಕೊಬ್ಬಿನ ಮೇಲೆ ಮತ್ತೆ ಎಣ್ಣೆಯಾಗುವುದರಿಂದ ಪಕ್ಕೆಲುಬಿಗೆ ನಾನು ಅದನ್ನು ಹೇಳುವುದಿಲ್ಲ. ಟೆಕ್ಸಸ್‌ನ ಸಾಸ್‌ಗಳು ಮುಖ್ಯವಾಗಿ ದನದ ಮಾಂಸದ ಜೊತೆಗಾರರು.

ಯಾವ ಪಕ್ಕೆಲುಬು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಬೆನ್ನುಮೂಳೆಯ ಹತ್ತಿರದಿಂದ ತೆಗೆಯುವ ಬೇಬಿ ಬ್ಯಾಕ್ ತುಂಡುಗಳು ಚಿಕ್ಕವು, ಬಾಗಿದವು, ಕೊಬ್ಬು ಕಡಿಮೆ. ಅವಕ್ಕೆ ಸಿಹಿಯ ಕಡೆಗೆ ಕೊಂಚ ವಾಲಿದ ಸಾಸ್ ಒಗ್ಗುತ್ತದೆ. ಹೊಟ್ಟೆಯ ಕಡೆಯ ಸ್ಪೇರ್ ರಿಬ್ಸ್, ಅವನ್ನೇ ಆಯತಾಕಾರಕ್ಕೆ ಒಪ್ಪವಾಗಿ ಕತ್ತರಿಸಿದ ಸೇಂಟ್ ಲೂಯಿಸ್ ತುಂಡು, ಇವೆರಡರಲ್ಲೂ ಕೊಬ್ಬು ಮತ್ತು ನಾರು ಹೆಚ್ಚು. ಅವಕ್ಕೆ ಹುಳಿಯೂ ಕರಿಮೆಣಸೂ ಮುಂದಿರಬೇಕು. ಯಾವುದೇ ತುಂಡಾಗಲಿ, ಮೂಳೆಯ ಬದಿಯಲ್ಲಿರುವ ತೆಳು ಪೊರೆಯನ್ನು ಮೊದಲೇ ಸುಲಿದು ತೆಗೆಯಿರಿ. ಒಂದು ತುದಿಯನ್ನು ಚಮಚದ ಹಿಡಿಯಿಂದ ಎಬ್ಬಿಸಿ, ಒಣ ಬಟ್ಟೆಯಲ್ಲಿ ಹಿಡಿದು ಎಳೆದರೆ ಬಹುಮಟ್ಟಿಗೆ ಇಡಿಯಾಗಿ ಬಂದುಬಿಡುತ್ತದೆ. ಪೊರೆ ಇದ್ದರೆ ಮಸಾಲೆಯೂ ಸಾಸೂ ಆ ಬದಿಯಿಂದ ಒಳಕ್ಕಿಳಿಯುವುದಿಲ್ಲ.

ಬಾಟಲಿ ಕೊಳ್ಳುವುದಾದರೆ ಮುಂಭಾಗದ ಚಿತ್ರವನ್ನೂ ಹೆಸರನ್ನೂ ಬಿಟ್ಟು ಹಿಂದಿನ ಪಟ್ಟಿಯನ್ನು ಓದಿ. ಅದರಲ್ಲಿ ಪದಾರ್ಥಗಳು ತೂಕದ ಇಳಿಕೆಯ ಕ್ರಮದಲ್ಲಿರುತ್ತವೆ. ಮೊದಲ ಹೆಸರು ಸಕ್ಕರೆ ಅಥವಾ ಕಾರ್ನ್ ಸಿರಪ್ ಆಗಿದ್ದರೆ ನಿಮ್ಮ ಕೈಯಲ್ಲಿರುವುದು ಟೊಮೆಟೊ ಸೋಕಿಸಿದ ಪಾಕ. ಮೊದಲ ಎರಡು ಸ್ಥಾನಗಳಲ್ಲಿ ಟೊಮೆಟೊ ಮತ್ತು ವಿನೆಗರ್ ಇದ್ದು, ಸಕ್ಕರೆ ಮೂರನೆಯದಾಗಿದ್ದರೆ ಅದನ್ನು ನಂಬಬಹುದು. ಸಿಹಿಯಾದ ಬಾಟಲಿಗಳಲ್ಲಿ ಎರಡು ದೊಡ್ಡ ಚಮಚ ಸಾಸಿಗೆ 12ರಿಂದ 16 ಗ್ರಾಂ ಸಕ್ಕರೆ ಇರುವುದು ಸಾಮಾನ್ಯ. ಅಂದರೆ ಸಾಸಿನ ತೂಕದಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಸಕ್ಕರೆಯೇ. ಪಟ್ಟಿಯಲ್ಲಿ ಆ ಸಂಖ್ಯೆ 8 ಅಥವಾ 9ರ ಹತ್ತಿರವಿದ್ದರೆ ಪಕ್ಕೆಲುಬಿಗೆ ಒಳ್ಳೆಯದು. ಕ್ಸಾಂಥನ್ ಗಮ್ ಅಥವಾ ಪಿಷ್ಟದ ಹೆಸರು ಕಂಡರೆ ಹೆದರಬೇಕಾಗಿಲ್ಲ. ಅದರಿಂದ ಕೆಡುಕೇನೂ ಇಲ್ಲ. ಆದರೆ ದಪ್ಪವು ಕುದಿಸಿ ಇಳಿಸಿದ್ದರಿಂದ ಬಂದದ್ದಲ್ಲ ಎಂಬ ಸುಳಿವು ಅದರಲ್ಲಿದೆ.

ನಿಮ್ಮ ಮನೆಯಲ್ಲಿ ಈಗ ಅರ್ಧ ಉಳಿದಿರುವ ಬಾಟಲಿಯನ್ನು ಎಸೆಯಬೇಡಿ. ಅದರಿಂದ 240 ಮಿಲಿಲೀಟರ್ ಅಳೆದು ಸಣ್ಣ ಪಾತ್ರೆಗೆ ಹಾಕಿ, ಮೂರು ದೊಡ್ಡ ಚಮಚ ಸೇಬಿನ ವಿನೆಗರ್, ಒಂದು ಸಣ್ಣ ಚಮಚ ಸಾಸಿವೆ ಪೇಸ್ಟ್, ಅರ್ಧ ಸಣ್ಣ ಚಮಚ ಆಗತಾನೆ ಕುಟ್ಟಿದ ಕರಿಮೆಣಸು ಸೇರಿಸಿ ಸಣ್ಣ ಉರಿಯಲ್ಲಿ ಐದು ನಿಮಿಷ ಕುದಿಸಿ. ಪಕ್ಕೆಲುಬು ಬೆಂದ ತಟ್ಟೆಯಲ್ಲಿ ಇಳಿದಿರುವ ರಸದ ಮೇಲಿನ ಕೊಬ್ಬನ್ನು ತೆಗೆದುಹಾಕಿ, ಕೆಳಗಿನ ಕಂದು ರಸದಲ್ಲಿ ಎರಡು ಚಮಚ ಇದಕ್ಕೆ ಬೆರೆಸಿದರೆ ಸಾಸಿಗೂ ಮಾಂಸಕ್ಕೂ ಸಂಬಂಧ ಬೆಳೆಯುತ್ತದೆ. ಬಾಟಲಿಯ ರುಚಿ ಎಂದು ಗುರುತು ಹಿಡಿಯುವುದು ಆಮೇಲೆ ಕಷ್ಟ. ಹೊತ್ತಿಲ್ಲದ ದಿನ ನಾನು ಮಾಡುವುದೂ ಇದನ್ನೇ.

ಹೊತ್ತಿದ್ದರೆ ಮನೆಯಲ್ಲೇ ಮಾಡಿ ಎನ್ನುತ್ತೇನೆ, ಏಕೆಂದರೆ ಹುಳಿಯ ಮೇಲಿನ ಹಿಡಿತ ಆಗ ಪೂರ್ತಿ ನಿಮ್ಮದಾಗಿರುತ್ತದೆ. ಒಂದೊಂದು ಕಿಲೋ ತೂಕದ ಎರಡು ಸಾಲು ಪಕ್ಕೆಲುಬಿಗೆ ಸಾಲುವಷ್ಟು ಅಳತೆ ಹೇಳುತ್ತೇನೆ. ದಪ್ಪ ತಳದ ಪಾತ್ರೆಯಲ್ಲಿ ಒಂದು ದೊಡ್ಡ ಚಮಚ ಬೆಣ್ಣೆ ಕರಗಿಸಿ, ಸಣ್ಣಗೆ ತುರಿದ ಒಂದು ಚಿಕ್ಕ ಈರುಳ್ಳಿಯನ್ನು ಸಣ್ಣ ಉರಿಯಲ್ಲಿ ಎಂಟು ನಿಮಿಷ ಬಾಡಿಸಿ. ಅದು ಕೆಂಪಾಗಬಾರದು, ಹಸಿವಾಸನೆ ಹೋಗಿ ಮೆತ್ತಗಾದರೆ ಸಾಕು. ಜಜ್ಜಿದ ಎರಡು ಎಸಳು ಬೆಳ್ಳುಳ್ಳಿ ಹಾಕಿ ಅರ್ಧ ನಿಮಿಷ ಕೈಯಾಡಿಸಿ. ಆಮೇಲೆ ಎರಡು ಸಣ್ಣ ಚಮಚ ಪ್ಯಾಪ್ರಿಕಾ (ಖಾರ ಕಡಿಮೆಯಿರುವ ಕೆಂಪು ಮೆಣಸಿನ ಪುಡಿ), ಒಂದು ಸಣ್ಣ ಚಮಚ ಕರಿಮೆಣಸಿನ ಪುಡಿ, ಅರ್ಧ ಸಣ್ಣ ಚಮಚ ಖಾರದ ಮೆಣಸಿನ ಪುಡಿ ಹಾಕಿ. ಈ ಪುಡಿಗಳು ಬೆಣ್ಣೆಯಲ್ಲಿ ಹದಿನೈದು ಇಪ್ಪತ್ತು ಸೆಕೆಂಡು ಮಾತ್ರ ಇರಬೇಕು. ಮೆಣಸಿನ ಬಣ್ಣ ಮತ್ತು ಖಾರ ಕೊಬ್ಬಿನಲ್ಲಿ ಕರಗುವಂಥವು, ಆದ್ದರಿಂದ ಈ ಕೆಲವು ಸೆಕೆಂಡುಗಳು ನೀರಿನಲ್ಲಿ ಹತ್ತು ನಿಮಿಷ ಕುದಿಸಿದರೂ ಸಿಗದ ಪರಿಮಳವನ್ನು ಕೊಡುತ್ತವೆ.

ತಕ್ಷಣ 80 ಮಿಲಿಲೀಟರ್ ಸೇಬಿನ ವಿನೆಗರ್ ಸುರಿದು ತಳವನ್ನು ಕೆರೆದು ಬಿಡಿಸಿ. ನಂತರ 240 ಮಿಲಿಲೀಟರ್ ಕೆಚಪ್, 50 ಗ್ರಾಂ ಕಂದು ಸಕ್ಕರೆ, ಒಂದು ದೊಡ್ಡ ಚಮಚ ಕಾಕಂಬಿ, ಒಂದು ದೊಡ್ಡ ಚಮಚ ವೂಸ್ಟರ್ ಸಾಸ್, ಒಂದು ದೊಡ್ಡ ಚಮಚ ಸಾಸಿವೆ ಪೇಸ್ಟ್ ಮತ್ತು 60 ಮಿಲಿಲೀಟರ್ ನೀರು ಸೇರಿಸಿ. ಸಕ್ಕರೆ ಕಡಿಮೆಯೆನಿಸಿದರೆ ಒಂದು ವಿಷಯ ನೆನಪಿಡಿ: ಕೆಚಪ್‌ನ ತೂಕದಲ್ಲೇ ಐದನೆಯ ಒಂದು ಭಾಗಕ್ಕಿಂತ ಹೆಚ್ಚು ಸಕ್ಕರೆಯಿರುತ್ತದೆ. ಕಾಕಂಬಿಯನ್ನು ಒಂದು ಚಮಚಕ್ಕಿಂತ ಹೆಚ್ಚು ಹಾಕುವ ಆಸೆ ಬೇಡ. ಅದರ ನಸುಗಹಿ ಒಂದು ಚಮಚದಲ್ಲಿ ಆಳವಾಗಿ ತೋರುತ್ತದೆ, ಮೂರು ಚಮಚದಲ್ಲಿ ಸೀದದ್ದರಂತೆಯೇ ತೋರುತ್ತದೆ. ವೂಸ್ಟರ್ ಸಾಸಿನ ಹುಳಿಗೆ ವಿನೆಗರ್ ಮತ್ತು ಹುಣಸೆಹಣ್ಣು ಕಾರಣ. ಅದರ ಉಪ್ಪುಪ್ಪಾದ ಆಳ ಬರುವುದು ಹುದುಗಿಸಿದ ಆಂಕೋವಿ ಮೀನಿನಿಂದ. ಮೀನು ಒಗ್ಗದವರು ಊಟಕ್ಕೆ ಬರುವುದಾದರೆ ಅದರ ಬದಲು ಸೋಯಾ ಸಾಸ್ ಬಳಸಿ, ಅವರಿಗೆ ಮೊದಲೇ ತಿಳಿಸಿ.

ಸಣ್ಣ ಉರಿಯಲ್ಲಿ ಮುಚ್ಚಳವಿಲ್ಲದೆ ಇಪ್ಪತ್ತರಿಂದ ಇಪ್ಪತ್ತೈದು ನಿಮಿಷ ಕುದಿಸಿ. ಟೊಮೆಟೊ ದಪ್ಪವಾದಂತೆ ಗುಳ್ಳೆಗಳು ನಿಧಾನವಾಗಿ ಎದ್ದು ಪಟಕ್ಕೆಂದು ಸಿಡಿಯುತ್ತವೆ, ಕೈ ಜಾಗ್ರತೆ. ಒಲೆ ಆರಿಸಿದ ಮೇಲೆ ಇನ್ನು 40 ಮಿಲಿಲೀಟರ್ ವಿನೆಗರ್ ಬೆರೆಸಿ. ಇದನ್ನು ಹೀಗೆ ಎರಡು ಕಂತಿನಲ್ಲಿ ಹಾಕುವುದಕ್ಕೆ ಕಾರಣವಿದೆ. ಮೊದಲು ಹಾಕಿದ ವಿನೆಗರ್ ಕುದಿದು ಘಾಟನ್ನು ಕಳೆದುಕೊಂಡು ಸಾಸಿನ ಮೈಯಲ್ಲಿ ಕಲೆತುಹೋಗುತ್ತದೆ. ಕೊನೆಗೆ ಹಾಕಿದ್ದು ತನ್ನ ಸೇಬಿನ ಪರಿಮಳವನ್ನೂ ಚುರುಕನ್ನೂ ಉಳಿಸಿಕೊಂಡು ಕೊಬ್ಬಿನ ಎದುರು ನಿಲ್ಲುತ್ತದೆ. ಬರೀ ಒಂದು ಕಂತಿನಲ್ಲಿ ಮಾಡಿದ ಸಾಸನ್ನೂ ಎರಡು ಕಂತಿನದನ್ನೂ ಪಕ್ಕಪಕ್ಕದಲ್ಲಿಟ್ಟು ಒಮ್ಮೆ ರುಚಿ ನೋಡಿ, ವ್ಯತ್ಯಾಸ ನಾಲಿಗೆಯ ಅಂಚಿನಲ್ಲೇ ತಿಳಿಯುತ್ತದೆ.

ಹದ ನೋಡಲು ಒಂದು ಬಿಳಿ ತಟ್ಟೆಯನ್ನು ಮೊದಲೇ ಫ್ರಿಜ್‌ನಲ್ಲಿಟ್ಟಿರಿ. ಅದರ ಮೇಲೆ ಒಂದು ಚಮಚ ಸಾಸ್ ಹಾಕಿ, ಅರ್ಧ ನಿಮಿಷ ಬಿಟ್ಟು, ತಟ್ಟೆಯನ್ನು ಓರೆ ಮಾಡಿ. ಸಾಸ್ ನೀರಿನಂತೆ ಓಡಿದರೆ ಇನ್ನೂ ಕುದಿಯಬೇಕು. ಗುಡ್ಡೆಯಾಗಿ ಕುಳಿತಲ್ಲೇ ಕುಳಿತರೆ ಮಿತಿಮೀರಿದೆ, ಬಿಸಿನೀರು ಬೆರೆಸಿ. ನಾಲಿಗೆಯಂತೆ ಚಾಚಿಕೊಂಡು ನಿಧಾನವಾಗಿ ಇಳಿಯಬೇಕು, ಇಳಿದ ಹಾದಿಯಲ್ಲಿ ತಟ್ಟೆಯ ಬಿಳುಪು ಮಸುಕಾಗಿ ಕಾಣುವಷ್ಟು ತೆಳು ಪದರ ಉಳಿಯಬೇಕು. ಅದೇ ಪದರ ಪಕ್ಕೆಲುಬಿನ ಮೇಲೂ ಉಳಿಯುವುದು. ಅಂಚಿನಲ್ಲಿ ಬಣ್ಣವಿಲ್ಲದ ನೀರು ಬಸಿದು ಬೇರೆಯಾದರೆ ಟೊಮೆಟೊ ಇನ್ನೂ ಕೂಡಿಕೊಂಡಿಲ್ಲ ಎಂದು ಅರ್ಥ.

ಉಪ್ಪನ್ನು ಕಟ್ಟಕಡೆಗೆ, ಅದೂ ಮಾಂಸದ ಜೊತೆಗೆ ರುಚಿ ನೋಡಿಯೇ ಹಾಕಬೇಕು. ಕೆಚಪ್, ವೂಸ್ಟರ್ ಸಾಸ್, ಸಾಸಿವೆ ಪೇಸ್ಟ್ ಮೂರರಲ್ಲೂ ಉಪ್ಪಿದೆ, ಮಾಂಸಕ್ಕೆ ಹಚ್ಚುವ ಒಣ ಮಸಾಲೆಯಲ್ಲೂ ಇರುತ್ತದೆ. ಸಾಸನ್ನು ಚಮಚದಿಂದ ನೆಕ್ಕಿ ನೋಡಿದಾಗ ಅದು ಕೊಂಚ ಜಾಸ್ತಿಯೇ ಹುಳಿ ಅನಿಸಬೇಕು. ಹಾಗನಿಸಿದರೆ ನೀವು ಸರಿಯಾದ ಜಾಗದಲ್ಲಿದ್ದೀರಿ. ಚಮಚದಲ್ಲಿ ಹಿತವೆನಿಸಿದ ಸಾಸ್ ಕೊಬ್ಬಿನ ಮೇಲೆ ಸಪ್ಪೆಯಾಗುತ್ತದೆ. ಬಿಸಿಯಿದ್ದಾಗ ಸಿಹಿ ನಾಲಿಗೆಗೆ ಹೆಚ್ಚಾಗಿ ತೋರುತ್ತದೆ ಎಂಬುದೂ ತಿಳಿದಿರಲಿ. ಒಲೆಯ ಮೇಲಿಂದ ನೇರ ರುಚಿ ನೋಡಿ ವಿನೆಗರ್ ಸುರಿಯುತ್ತ ಹೋಗಬೇಡಿ, ಉಗುರುಬೆಚ್ಚಗಾದ ಮೇಲೆ ನಿರ್ಧರಿಸಿ.

ಹೊಗೆಯ ವಾಸನೆಯ ವಿಚಾರವನ್ನು ನೀವು ಕೇಳದಿದ್ದರೂ ಓವನ್‌ನಲ್ಲಿ ಮಾಡುವವರಿಗೆ ಅದು ಬರುವ ಪ್ರಶ್ನೆಯೇ. ದ್ರವರೂಪದ ಹೊಗೆ ಎಂದು ಬಾಟಲಿಗಳಲ್ಲಿ ಸಿಗುವುದು ನಿಜವಾದ ಮರದ ಹೊಗೆಯನ್ನು ತಣಿಸಿ ನೀರಿನಲ್ಲಿ ಹಿಡಿದದ್ದು. ಅದನ್ನು ಬಳಸುವುದರಲ್ಲಿ ನಾಚಿಕೆಪಡಬೇಕಾದದ್ದೇನೂ ಇಲ್ಲ, ಆದರೆ ಈ ಅಳತೆಯ ಸಾಸಿಗೆ ಕಾಲು ಸಣ್ಣ ಚಮಚ ದಾಟಬಾರದು. ದಾಟಿದರೆ ಔಷಧದಂಥ ಕಮಟು ಬರುತ್ತದೆ. ಹೊಗೆಯಾಡಿಸಿದ ಪ್ಯಾಪ್ರಿಕಾ ಸಿಕ್ಕರೆ ಅದು ಇನ್ನೂ ಸೌಮ್ಯ. ಮಾಂಸವನ್ನು ನಿಜವಾಗಿಯೇ ಕಟ್ಟಿಗೆಯ ಹೊಗೆಯಲ್ಲಿ ಬೇಯಿಸಿದ್ದರೆ ಸಾಸಿಗೆ ಇವೆರಡೂ ಬೇಡ.

ಇನ್ನು ಹಚ್ಚುವ ಕ್ರಮ. ಪಕ್ಕೆಲುಬಿಗೆ ಉಪ್ಪು, ಕರಿಮೆಣಸು, ಪ್ಯಾಪ್ರಿಕಾ ಇಷ್ಟನ್ನೇ ಹಚ್ಚಿ, ಸಾಸಿಲ್ಲದೆ, ಅಲ್ಯುಮಿನಿಯಮ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿ, 135 ಡಿಗ್ರಿಯ ಓವನ್‌ನಲ್ಲಿಡಿ. ಬೇಬಿ ಬ್ಯಾಕ್‌ಗೆ ಎರಡರಿಂದ ಎರಡೂವರೆ ಗಂಟೆ, ಸ್ಪೇರ್ ರಿಬ್ಸ್‌ಗೆ ಮೂರರಿಂದ ಮೂರೂವರೆ ಗಂಟೆ ಹಿಡಿಯುತ್ತದೆ. ಬೇಗ ಬೇಯಲೆಂದು ಕೆಲವರು ಮೊದಲೇ ನೀರಿನಲ್ಲಿ ಕುದಿಸುತ್ತಾರೆ. ಹಾಗೆ ಮಾಡಬೇಡಿ, ಮಾಂಸದ ರುಚಿಯಲ್ಲಿ ದೊಡ್ಡ ಪಾಲು ಆ ನೀರಿನೊಡನೆ ಚರಂಡಿಗೆ ಹೋಗುತ್ತದೆ. ಬೆಂದಿದೆಯೆ ಎಂದು ನೋಡಲು ಇಕ್ಕಳದಿಂದ ಸಾಲಿನ ಒಂದು ತುದಿಯನ್ನು ಹಿಡಿದೆತ್ತಿ. ಸಾಲು ಬಿಲ್ಲಿನಂತೆ ಬಾಗಿ, ಬಾಗಿದ ಕಡೆ ಮೇಲ್ಮೈ ಬಿರುಕು ಬಿಡತೊಡಗಿದರೆ ಹದವಾಗಿದೆ. ಮೂಳೆ ತಾನಾಗಿ ಕಳಚಿ ಬೀಳುವವರೆಗೆ ಬೇಯಿಸುವುದನ್ನು ಹಲವರು ಹೆಚ್ಚುಗಾರಿಕೆ ಎಂದುಕೊಳ್ಳುತ್ತಾರೆ. ಅಮೆರಿಕದ ಬಾರ್ಬೆಕ್ಯೂ ಸ್ಪರ್ಧೆಗಳ ತೀರ್ಪುಗಾರರು ಅದನ್ನು ಅತಿಯಾಗಿ ಬೆಂದದ್ದೆಂದು ಎಣಿಸುತ್ತಾರೆ. ಕಚ್ಚಿದಷ್ಟು ಮಾಂಸ ಮಾತ್ರ ಮೂಳೆಯಿಂದ ಶುದ್ಧವಾಗಿ ಬಿಟ್ಟು ಬರಬೇಕು. ಸಾಸಿನ ದೃಷ್ಟಿಯಿಂದಲೂ ನಾನು ಅವರ ಪಕ್ಷ. ಕುಸಿಯುವ ಮಾಂಸದ ಮೇಲೆ ಬ್ರಷ್ ಎಳೆದರೆ ಮಸಾಲೆಯೂ ಮಾಂಸದ ಎಳೆಯೂ ಬ್ರಷ್‌ಗೇ ಬರುತ್ತವೆ.

ಹಾಳೆ ಬಿಚ್ಚಿ, ಮೇಲ್ಮೈಯ ಹಸಿಯನ್ನು ಐದಾರು ನಿಮಿಷ ಆರಲು ಬಿಡಿ. ಒದ್ದೆ ಮಾಂಸಕ್ಕೆ ಸಾಸ್ ಹಿಡಿಯುವುದಿಲ್ಲ, ಜಾರುತ್ತದೆ. ಓವನ್ನನ್ನು 160 ಡಿಗ್ರಿಗೆ ಏರಿಸಿ, ಬೆಚ್ಚಗಿರುವ ಸಾಸನ್ನು ಬ್ರಷ್‌ನಿಂದ ತೆಳುವಾಗಿ, ಕೆಳಗಿನ ಮಸಾಲೆಯ ಬಣ್ಣ ಇನ್ನೂ ಕಾಣುವಷ್ಟು ತೆಳುವಾಗಿ ಸವರಿ, ತೆರೆದಿಟ್ಟು ಎಂಟು ಹತ್ತು ನಿಮಿಷ ಬೇಯಿಸಿ. ಹೊರತೆಗೆದು ಮುಟ್ಟಿ ನೋಡಿದರೆ ಹೊಳಪು ತುಸು ಕುಂದಿ, ಬೆರಳಿಗೆ ಅಂಟುತ್ತದೆ, ಆದರೆ ಬೆರಳಿಗೆ ಬಣ್ಣ ಹತ್ತುವುದಿಲ್ಲ. ಅದರ ಮೇಲೆ ಎರಡನೆಯ ಪದರ, ಮತ್ತೆ ಎಂಟು ಹತ್ತು ನಿಮಿಷ. ಹೀಗೆ ಮೂರು ಪದರ. ಕೊನೆಯದರಲ್ಲಿ ಅಂಚುಗಳಲ್ಲಿ ಸಣ್ಣ ಗುಳ್ಳೆಗಳೆದ್ದು, ಬಣ್ಣ ಇಟ್ಟಿಗೆ ಕೆಂಪಿನಿಂದ ಮಾಗಿದ ಕಂದಿಗೆ ತಿರುಗಿದ ಕ್ಷಣ ಹೊರತೆಗೆಯಿರಿ. ಒಂದೇ ಬಾರಿಗೆ ದಪ್ಪಗೆ ಬಳಿದರೆ ಮೇಲಿನದು ಸೀಯುವಾಗ ಕೆಳಗಿನದು ಹಸಿಯಾಗಿಯೇ ಇರುತ್ತದೆ. ಒಂದು ಸಾಲಿಗೆ ಮೂರು ಪದರ ಸೇರಿ ಅರ್ಧ ಕಪ್ ಸಾಸ್ ಧಾರಾಳವಾಯಿತು. ಉಳಿದದ್ದನ್ನು ಬಟ್ಟಲಲ್ಲಿ ಬಡಿಸಿ.

ಇದ್ದಿಲ ಒಲೆಯಲ್ಲಿ ಮಾಡುವ ದಿನ ಕೆಂಡವನ್ನು ಒಂದು ಬದಿಗೆ ಒತ್ತರಿಸಿ, ಪಕ್ಕೆಲುಬನ್ನು ಇನ್ನೊಂದು ಬದಿಯಲ್ಲಿಟ್ಟು ಮುಚ್ಚಳ ಹಾಕಿ. ಸಾಸ್ ಹಚ್ಚಿದ ಮೇಲೆ ನೇರ ಕೆಂಡದ ಮೇಲೆ ಒಂದೆರಡು ನಿಮಿಷಕ್ಕಿಂತ ಹೆಚ್ಚು ನಿಲ್ಲಿಸಬಾರದು, ಆ ಹೊತ್ತಿನಲ್ಲಿ ಅಲ್ಲಿಂದ ಕದಲಲೂ ಬಾರದು. ಬಹಳ ಹಿಂದೆ ಹನ್ನೆರಡು ಜನರ ಊಟಕ್ಕೆಂದು ನಾಲ್ಕು ಗಂಟೆ ಕಾದು ಬೇಯಿಸಿದ ಪಕ್ಕೆಲುಬಿಗೆ ಜೇನಿನ ಸಾಸ್ ಹಚ್ಚಿ ಕೆಂಡದ ಮೇಲೆ ತಿರುವಿದ್ದೆ. ತಟ್ಟೆ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಒಂದು ಬದಿ ಪೂರ್ತಿ ಕಪ್ಪಾಗಿತ್ತು. ಅಂದು ಬಂದವರ ಮುಖ ನನಗೆ ಇಂದಿಗೂ ನೆನಪಿದೆ. ಅಂದಿನಿಂದ ಜೇನನ್ನು ನಾನು ಬೆಂಕಿಗೆ ತೋರಿಸಿಲ್ಲ. ಬೇಕಾದಾಗ ಬಡಿಸುವ ಮುಂಚೆ ಸಾಸಿಗೆ ಒಂದು ಚಮಚ ಬೆರೆಸುತ್ತೇನೆ.

ಶುಚಿಯ ಬಗ್ಗೆ ಒಂದು ಮಾತು. ಹಸಿ ಅಥವಾ ಅರೆಬೆಂದ ಮಾಂಸಕ್ಕೆ ತಾಗಿದ ಬ್ರಷ್ಷನ್ನು ಸಾಸಿನ ಪಾತ್ರೆಗೆ ಮತ್ತೆ ಅದ್ದಬಾರದು. ಹಚ್ಚುವುದಕ್ಕೆ ಬೇಕಾದಷ್ಟನ್ನು ಬೇರೆ ಬಟ್ಟಲಿಗೆ ತೆಗೆದುಕೊಂಡು, ಅದರಲ್ಲಿ ಉಳಿದದ್ದನ್ನು ಚೆಲ್ಲಿಬಿಡಿ.

ಇಡುವ ಅವಧಿಯನ್ನು ಕೇಳಿದ್ದೀರಿ. ಈ ಸಾಸಿನಲ್ಲಿ ಹುಳಿಯೂ ಸಕ್ಕರೆಯೂ ಸಾಕಷ್ಟಿರುವುದರಿಂದ ಬೇಗ ಕೆಡುವಂಥದ್ದಲ್ಲ, ಆದರೆ ಈರುಳ್ಳಿ, ಬೆಳ್ಳುಳ್ಳಿ, ಬೆಣ್ಣೆ ಇರುವುದರಿಂದ ಹೊರಗಿಡುವಂಥದ್ದೂ ಅಲ್ಲ. ಕುದಿನೀರಿನಲ್ಲಿ ತೊಳೆದು ಒಣಗಿಸಿದ ಗಾಜಿನ ಬಾಟಲಿಗೆ ತುಂಬಿ, 4 ಡಿಗ್ರಿಯ ಫ್ರಿಜ್‌ನಲ್ಲಿಟ್ಟರೆ ಎರಡು ವಾರ ನಿಶ್ಚಿಂತೆ. ಪಕ್ಕೆಲುಬಿನ ರಸ ಬೆರೆಸಿದ್ದರೆ ಮೂರು ದಿನದೊಳಗೆ ಮುಗಿಸಿ. ತಿಂಗಳುಗಟ್ಟಲೆ ಬೇಕಾದರೆ ಪುಟ್ಟ ಡಬ್ಬಿಗಳಲ್ಲಿ ಫ್ರೀಜರ್‌ಗೆ ಹಾಕಿ. ಬಾಟಲಿಯಲ್ಲಿ ಗಾಳಿಯಾಡದಂತೆ ಮುಚ್ಚಿ ಹೊರಗೇ ಇಡುವ ಯೋಚನೆಯಿದ್ದರೆ, ಆಮ್ಲೀಯತೆಯನ್ನು ಪರೀಕ್ಷಿಸಿ ಪಿಎಚ್ 4.6ಕ್ಕಿಂತ ಕೆಳಗಿದೆಯೆಂದು ಖಚಿತಪಡಿಸಿದ, ಶಾಖೋಪಚಾರದ ಸಮಯವನ್ನೂ ಹೇಳಿರುವ ಪಾಕಕ್ರಮವನ್ನೇ ಅಳತೆ ಬದಲಿಸದೆ ಅನುಸರಿಸಬೇಕು. ಆ ಮಿತಿಗಿಂತ ಮೇಲೆ ಬಾಟ್ಯುಲಿಸಮ್ ಎಂಬ ಮಾರಕ ವಿಷಾಹಾರ ರೋಗವನ್ನು ಉಂಟುಮಾಡುವ ಬ್ಯಾಕ್ಟೀರಿಯಾ ಗಾಳಿಯಿಲ್ಲದ ಬಾಟಲಿಯಲ್ಲಿ ಬೆಳೆಯಬಲ್ಲದು. ಸಾಧ್ಯವಾದರೆ ಸಾಸನ್ನು ಊಟದ ಹಿಂದಿನ ದಿನವೇ ಮಾಡಿಡಿ. ರಾತ್ರಿ ಕಳೆಯುವಷ್ಟರಲ್ಲಿ ವಿನೆಗರ್‌ನ ಒರಟು ಇಳಿದು, ಮೆಣಸಿನ ಖಾರ ಮುಂದೆ ಬಂದಿರುತ್ತದೆ. ಮರುದಿನ ಬೆಚ್ಚಗೆ ಮಾಡಿ, ಮಾಂಸದ ಒಂದು ಚೂರನ್ನು ಅದರಲ್ಲಿ ಅದ್ದಿ ತಿಂದು ನೋಡಿ, ಬೇಕೆನಿಸಿದರೆ ಇನ್ನೊಂದು ಚಮಚ ವಿನೆಗರ್ ಹಾಕಿಕೊಳ್ಳಿ.